ಮಾಸ್ಕಿಗೆ ಬಣ್ಣ ಬಳಿದವರು

ಹಾಕಿ ಕೋಚ್ ಆಗಬೇಕೆಂದು ಹೊರಟ ಹುಡುಗಿಯರು ಈಗಲೂ ನನ್ನ ಮನೆಗೆ ಬರುತ್ತಾರೆ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಯಾವುದೋ ದೇಶದ ಪಂದ್ಯದ ತುಣುಕು. "ಮ್ಯಾಡಮ್, ಈ ಫಾರ್ಮೇಶನ್ ಬಗ್ಗೆ ನಿಮಗೇನ್ ಅನಸ್ತದ್ರಿ?" ಎಂದು ಕೇಳುತ್ತಾರೆ. ನನಗೆ ಅನ್ನಿಸುವುದು ಇಷ್ಟೇ: ಮೈದಾನಕ್ಕೆ ನೀರು ಬಿಡುವ ಮೋಟಾರಿನ ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಮೊದಲು ಪತ್ತೆ ಮಾಡಿಕೊಳ್ಳಿ. ಆ ಮನುಷ್ಯ ಮದುವೆಗೆ ಹೋಗಿದ್ದರೆ ಯಾವ ಊರಿಗೆ ಹೋಗಿದ್ದಾನೆ ಎಂದೂ ತಿಳಿದುಕೊಳ್ಳಿ. ಫಾರ್ಮೇಶನ್ ಆಮೇಲೆ.

ನಾನು ತಮಾಷೆ ಮಾಡುತ್ತಿಲ್ಲ. ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡದ ಒಂದು ಕಾರ್ಖಾನೆಯ ಕ್ರೀಡಾ ವಿಭಾಗದಲ್ಲಿ ನೌಕರಿಗೆ ಸೇರಿ, ಕಾಲನಿಯ ಕ್ಲಬ್ಬಿನಲ್ಲಿ ಹುಡುಗಿಯರಿಗೆ ಹಾಕಿ ಕಲಿಸಿ, ಅಲ್ಲಿಂದಲೇ ನಿವೃತ್ತಳಾದವಳು ನಾನು. ಈ ಕೆಲಸದಲ್ಲಿ ಆಟ ಕಲಿಸುವುದು ಅರ್ಧ ಪಾಲು. ಉಳಿದರ್ಧ, ಆಟ ಗೊತ್ತಿಲ್ಲದ ಒಳ್ಳೆಯ ಮನುಷ್ಯರಿಂದ ಆಟಗಾರ್ತಿಯರನ್ನು ಕಾಪಾಡುವುದು. ಕೆಟ್ಟವರು ನನಗೆ ಹೆಚ್ಚು ಸಿಗಲಿಲ್ಲ. ನನ್ನನ್ನು ಸುಸ್ತು ಮಾಡಿದವರೆಲ್ಲ ಒಳ್ಳೆಯವರೇ.

ನಾನು ಆಟ ಕಲಿತದ್ದು ಗದಗ-ಬೆಟಗೇರಿಯಲ್ಲಿ. ಕೆಂಪು ಮಣ್ಣಿನ ಮೈದಾನ, ಸೈಕಲ್ ಟ್ಯೂಬು ಸುತ್ತಿದ ಸ್ಟಿಕ್ಕು. ನಮಗೆ ಕಲಿಸುತ್ತಿದ್ದವರು ಅಂಚೆ ಕಚೇರಿಯ ಒಬ್ಬ ನೌಕರರು. ನಾವು ಅವರನ್ನು ಮಾಸ್ತರ ಎಂದು ಕರೆಯುತ್ತಿದ್ದೆವು. ಒಮ್ಮೆ ಎದುರಾಳಿಯ ಹೊಡೆತ ಬಾಯಿಗೆ ಬಡಿದು ನನ್ನ ಮುಂದಿನ ಹಲ್ಲು ಅರ್ಧ ಮುರಿಯಿತು. ನಾನು ರಕ್ತ ಉಗುಳುತ್ತ ನಿಂತಿದ್ದರೆ ಮಾಸ್ತರು ಗೆರೆಯ ಆಚೆಯಿಂದ ಕೂಗಿದರು: "ಹಲ್ಲಿಲೇ ಓಡ್ತೀ ಏನವಾ? ಕಾಲ ಛಲೋ ಅದಾವಲ್ಲ, ನಡಿ!" ನಾನು ನಡೆದೆ. ಆ ಅರ್ಧ ಹಲ್ಲನ್ನು ಪದಕದ ಹಾಗೆ ತೋರಿಸಿಕೊಂಡು ತಿರುಗಿದೆ. ಧಾರವಾಡದಲ್ಲಿ ಬಿ.ಎ. ಓದುವಾಗಲೂ, ವ್ಯಾಯಾಮ ಶಿಕ್ಷಣದ ಪದವಿ ಮಾಡುವಾಗಲೂ ಅದನ್ನು ಸರಿ ಮಾಡಿಸಲಿಲ್ಲ.

ಎಲ್ಲ ಹಾಕಿ ಗೋಲುಗಳಲ್ಲಿರುವಂತೆ ಮಾಸ್ತರೂ ಗೋಲಿನೊಳಗೆ ಹಿಂಬದಿಗೆ ಮರದ ಹಲಗೆ ಇಡಿಸಿದ್ದರು. ಚೆಂಡು ಒಳಗೆ ಹೋದರೆ 'ಧಡ್' ಎಂದು ಸದ್ದು. ನಾನು ಹಿಂದಿನ ಸಾಲಿನಲ್ಲಿ ಆಡುವವಳು, ಗೋಲು ತಡೆಯುವುದು ನನ್ನ ಕೆಲಸ. ಆ ಸದ್ದು ಕೇಳಿದರೆ ಗೋಲು ಬಿಟ್ಟವಳು ನಾನೇ ಎಂದು ಅರ್ಥ. ಮನೆಯಲ್ಲಿ ಯಾರಾದರೂ ರೊಟ್ಟಿ ಮಣೆ ಬೀಳಿಸಿದರೂ ನಾನು ಮೈ ಸೆಟೆದು ನಿಲ್ಲುತ್ತಿದ್ದೆ. "ಈ ಹುಡುಗಿಗೆ ಏನಾಗೇದ?" ಎಂದು ಅವ್ವ ಗೊಣಗುತ್ತಿದ್ದಳು. ಜಗತ್ತಿನಲ್ಲಿ ಅದಕ್ಕಿಂತ ಕೆಟ್ಟ ಸದ್ದು ಇಲ್ಲ ಎಂದೇ ನಾನು ಬಹಳ ಕಾಲ ನಂಬಿದ್ದೆ.

ಪುಣೆಗೆ ಬಂದು ಕ್ಲಬ್ಬಿಗೆ ಸೇರಿದಾಗ ಅಲ್ಲಿನ ಕಾರ್ಯದರ್ಶಿ ಚವ್ಹಾಣ ಸಾಹೇಬರು. ಬೆಳಗಾವಿ ಕಡೆಯವರು. ಅವರ ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತಿತ್ತು. ಕಾರ್ಖಾನೆಯಲ್ಲಿ ಅವರು ಪೇಂಟ್ ಶಾಪಿನ ಮುಖ್ಯಸ್ಥರು. ಅಲುಗಾಡದೆ ನಿಂತ ವಸ್ತು ಯಾವುದೇ ಇರಲಿ, ಅದಕ್ಕೆ ಬಣ್ಣ ಬಳಿಯಬೇಕು ಎಂಬುದು ಅವರ ಧರ್ಮ. ಬೆಂಚಿಗೆ ಬಣ್ಣ, ಬೇವಿನ ಮರದ ಬುಡಕ್ಕೆ ಬಣ್ಣ, ಮೈದಾನದ ಸುತ್ತಲಿನ ಕಲ್ಲಿಗೆ ಒಂದು ಬಿಟ್ಟು ಒಂದು ಕೆಂಪು ಬಿಳಿ. ಒಂದು ಪಂದ್ಯದ ಬೆಳಿಗ್ಗೆ ಗೋಲ್ ಕಂಬಗಳಿಗೆ ಬಿಳಿ ಬಣ್ಣ ಹಚ್ಚಿಸಿದರು. ಯಾರಿಗೂ ಹೇಳಲಿಲ್ಲ. ನಮ್ಮ ಗೋಲ್‌ಕೀಪರ್ ಕಂಬಕ್ಕೆ ಒರಗಿ ನಿಂತಳು. ಪಂದ್ಯ ಮುಗಿಯುವ ಹೊತ್ತಿಗೆ ಅವಳ ಬೆನ್ನು ರಸ್ತೆಯ ಜೀಬ್ರಾ ಪಟ್ಟೆಯಂತಾಗಿತ್ತು. ನಾನು ಕೂಗಾಡಿದೆ.

"ಅಹೋ ಶೋಭಾತಾಯಿ, ಹಿಂಗ್ಯಾಕ್ ಸಿಟ್ಟಿಗೇಳ್ತೀರಿ? ಕಂಬ ಮಸ್ತ ಕಾಣಸ್ತದೋ ಇಲ್ಲೋ, ಅದನ್ನ ಹೇಳ್ರಿ" ಎಂದರು.

ಕಂಬ ಚೆನ್ನಾಗಿಯೇ ಕಾಣುತ್ತಿತ್ತು. ಅದೇ ತೊಂದರೆ. ಅವರು ಮಾಡಿದ ಕೆಲಸ ಯಾವಾಗಲೂ ಚೆನ್ನಾಗಿ ಕಾಣುತ್ತಿತ್ತು.

ಈ ನಡುವೆ ಆಟ ಬದಲಾಯಿತು. ಹುಲ್ಲು ಹೋಗಿ ನೀಲಿ ಟರ್ಫ್ ಬಂತು. ಮರದ ಸ್ಟಿಕ್ಕು ಹೋಗಿ ಕಾರ್ಬನ್ ಸ್ಟಿಕ್ಕು ಬಂತು. ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಪೆನಾಲ್ಟಿ ಕಾರ್ನರ್. ಆಟ ನೋಡದವರಿಗಾಗಿ ಹೇಳುತ್ತೇನೆ. ಗೋಲಿನ ಹತ್ತಿರ ತಪ್ಪಾದರೆ ಎದುರಾಳಿಗೆ ಒಂದು ಅವಕಾಶ ಸಿಗುತ್ತದೆ. ಒಬ್ಬಳು ಗೋಲ್ ಗೆರೆಯ ಪಕ್ಕದಿಂದ ಚೆಂಡನ್ನು ಹೊರಗೆ ತಳ್ಳುತ್ತಾಳೆ, ಇನ್ನೊಬ್ಬಳು ಅದನ್ನು ನಿಲ್ಲಿಸುತ್ತಾಳೆ, ಮೂರನೆಯವಳು ಗೋಲಿನತ್ತ ಎಸೆಯುತ್ತಾಳೆ. ತಡೆಯುವವರು ಗೋಲ್ ಗೆರೆಯ ಹಿಂದೆ ನಿಂತಿರುತ್ತಾರೆ. ಚೆಂಡು ಹೊರಟ ಕೂಡಲೇ ಅವರಲ್ಲಿ ಒಬ್ಬಳು ಎಸೆಯುವವಳ ಮೇಲೆಯೇ ನೇರ ಓಡಬೇಕು. ಅವಳಿಗೆ 'ಮೊದಲ ಓಟದವಳು' ಎನ್ನುತ್ತಾರೆ. ನನ್ನ ಕಾಲದಲ್ಲಿ ಚೆಂಡು ನೆಲದ ಮೇಲೆ ಬರುತ್ತಿತ್ತು. ಈಗ ಸ್ಟಿಕ್ಕಿನ ಮೇಲೆ ಎಳೆದು, ಸೊಂಟ ತಿರುಗಿಸಿ ಎಸೆಯುತ್ತಾರೆ, ಎದೆಯೆತ್ತರಕ್ಕೆ, ಮುಖದೆತ್ತರಕ್ಕೆ ಬರುತ್ತದೆ. ಕಲ್ಲಿನಂಥ ಚೆಂಡು. ಅದರ ಎದುರಿಗೇ ಓಡುವ ಕೆಲಸವನ್ನು ನಾವು ಕಾಲೇಜಿಗೆ ಹೋಗುವ ಹುಡುಗಿಯರಿಗೆ ಕೊಡುತ್ತೇವೆ.

ಅದಕ್ಕಾಗಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಖದ ಮಾಸ್ಕುಗಳು ಬಂದವು. ಅವನ್ನು ಕೊಡಿಸಿ ಎಂದು ಕೇಳಿ ಕೇಳಿ ನನ್ನ ಗಂಟಲು ಬಿತ್ತು. "ನಮ್ಮ ಹುಡಿಗ್ಯಾರು ಶೂರ ಅದಾರ, ತಾಯಿ" ಎಂದು ಕಮಿಟಿಯವರು ನನ್ನನ್ನು ಸಮಾಧಾನ ಮಾಡುತ್ತಿದ್ದರು. ಶೂರರಿಗೆ ಕಣ್ಣು ಬೇಡವೇ? ಕೊನೆಗೆ ಮಾಸ್ಕು ಬಂದದ್ದು ನನ್ನ ಜಗಳದಿಂದಲ್ಲ, ಡೆಕ್ಲನ್‌ರಿಂದ.

ಡೆಕ್ಲನ್ ಐರ್ಲೆಂಡಿನವರು. ಕಾರಿನ ಹೆಡ್‌ಲೈಟಿನ ಗಾಜಿನಂಥ ಪ್ಲಾಸ್ಟಿಕ್ ಕವಚ ಮಾಡುವ ಕಾರ್ಖಾನೆಗೆ ಎಂಜಿನಿಯರಾಗಿ ಬಂದಿದ್ದರು. ಐವತ್ತು ದಾಟಿದ, ತೋಳು ಉದ್ದದ ಮನುಷ್ಯ. ಯೌವನದಲ್ಲಿ ತಮ್ಮ ದೇಶದ ಹರ್ಲಿಂಗ್ ಎಂಬ ಆಟ ಆಡಿದವರು, ಆಮೇಲೆ ಊರಿನ ತಂಡಕ್ಕೆ ಕಲಿಸಿದವರು. ಒಂದು ಸಂಜೆ ಬೇಲಿಯ ಆಚೆ ನಿಂತು ನಮ್ಮ ಅಭ್ಯಾಸ ನೋಡಿದರು. ಮರುದಿನ ತಮ್ಮ ಕೋಲು ಹಿಡಿದು ಒಳಗೇ ಬಂದರು. ತುದಿಯಲ್ಲಿ ಸೌಟಿನಂತೆ ಅಗಲವಾದ ಮರದ ಕೋಲು. ಚೆಂಡನ್ನು ಅದರ ಮೇಲೆ ಕೂರಿಸಿಕೊಂಡು ಓಡಿದರು, ಗಾಳಿಗೆ ಎಸೆದರು, ಬೀಸಿದರು. ಚೆಂಡು ಬೇಲಿ ದಾಟಿ, ರಸ್ತೆ ದಾಟಿ, ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಣಗಲು ಹಾಕಿದ್ದ ಸೀರೆಯೊಳಗೆ ಬಿತ್ತು. ಸೀರೆಯ ಒಡತಿ ಕೆಳಗಿಳಿದು ಬಂದು ಮರಾಠಿಯಲ್ಲಿ ಬೈದದ್ದನ್ನೆಲ್ಲ ಕೇಳಿಸಿಕೊಂಡವಳು ನಾನು. ಡೆಕ್ಲನ್ ಅವಳಿಗೆ ಬಾಗಿ ನಮಸ್ಕಾರ ಮಾಡುತ್ತಿದ್ದರು.

"ಮ್ಯಾಡಮ್, ಇದು ಆಟ ಅಲ್ರಿ, ಮಾರಾಮಾರಿ" ಎಂದು ಹುಡುಗಿಯರು ನಕ್ಕರು. ಆದರೆ ಅವರು ಪ್ರತಿ ವಾರ ಬಂದರು. ನಮ್ಮ ಭಾಷೆಗಳಲ್ಲಿ ಅವರಿಗೆ ಬರುತ್ತಿದ್ದದ್ದು ಒಂದೇ ಮಾತು, ಸಿಟಿ ಬಸ್ಸಿನ ಕಂಡಕ್ಟರರಿಂದ ಕಲಿತ 'ಪುಢೆ ಚಲಾ', ಮುಂದೆ ನಡೀರಿ ಎಂದು. ಮೈದಾನದಲ್ಲಿ ಅದನ್ನೇ ಕೂಗುತ್ತಿದ್ದರು. ಅವರ ಪಾಠವೂ ಅದೇ. ಕೋಲು ಬೀಸುವವನಿಂದ ದೂರ ನಿಂತರೆ ಪೆಟ್ಟು ಬೀಳುತ್ತದೆ, ಅವನ ಮೈಗೆ ಅಂಟಿದಷ್ಟು ಹತ್ತಿರ ಹೋದರೆ ಬೀಸಲು ಅವನಿಗೆ ಜಾಗವೇ ಇರುವುದಿಲ್ಲ. ಹಾಗಾಗಿ ಹೆದರಿಕೆಯಾದಾಗ ಹಿಂದೆ ಸರಿಯಬೇಡಿ, ಮುಂದೆ ನುಗ್ಗಿ. ಹಾಕಿಯಲ್ಲಿ ಹೀಗೆಲ್ಲ ನುಗ್ಗಿದರೆ ಅಂಪೈರ್ ಸೀಟಿ ಊದುತ್ತಾಳೆ ಎಂದು ನಾನು ಅವರಿಗೆ ತಿಳಿಸಿ ಸಾಕಾಗಿಹೋದೆ.

ಹೆಲ್ಮೆಟ್ಟಿನ ವಿಷಯಕ್ಕೆ ಬಂದಾಗ ಮಾತ್ರ ಆ ನಗುವ ಮನುಷ್ಯ ಗಂಭೀರವಾಗುತ್ತಿದ್ದರು. ಅವರು ಆಡುತ್ತಿದ್ದಾಗ ಬರಿತಲೆಯಲ್ಲಿ ಆಡುವುದೇ ಗಂಡಸುತನವಂತೆ. ಅವರ ಜೊತೆಗಾರನೊಬ್ಬ ಹಾಗೆ ಆಡಿ ಒಂದು ಕಣ್ಣು ಕಳೆದುಕೊಂಡ. ಆಮೇಲೆ ಹೆಲ್ಮೆಟ್ ಕಡ್ಡಾಯವಾಯಿತು. ಆಗ ಹುಡುಗರು ಇನ್ನೊಂದು ಹುಚ್ಚು ಶುರು ಮಾಡಿದರು: ಚೆಂಡು ಚೆನ್ನಾಗಿ ಕಾಣಲಿ ಎಂದು ಮುಖದ ಮುಂದಿನ ಜಾಲರಿಯ ಒಂದು ಸರಳನ್ನು ಕತ್ತರಿಸಿಬಿಡುವುದು. "ಕಾರ್ಖಾನೆಯಿಂದ ಬಂದ ಮೇಲೆ ಅದಕ್ಕೆ ಯಾರೂ ಕೈ ಹಚ್ಚಬಾರದು" ಎಂದು ಡೆಕ್ಲನ್ ಮೇಜು ಕುಟ್ಟಿ ಇಂಗ್ಲಿಷಿನಲ್ಲಿ ಹೇಳಿದರು. ನಮ್ಮ ಕಮಿಟಿ ಬಿಳಿಯ ಮನುಷ್ಯನ ಮಾತಿಗೆ ತಲೆದೂಗಿತು. ವರ್ಷಗಟ್ಟಲೆ ಅದನ್ನೇ ಹೇಳಿದ್ದ ನಾನು ಚಹಾ ಕುಡಿದೆ. ಐದು ಮಾಸ್ಕು ಬಂದವು.

ಮೊದಲ ಓಟಕ್ಕೆ ನಾವು ಆರಿಸಿದ್ದು ರಕ್ಷಾ ಶೆಟ್ಟಿಯನ್ನು. ಅವಳ ತಂದೆ ಸದಾನಂದ ಶೆಟ್ಟರು ಕುಂದಾಪುರ ಕಡೆಯವರು, ಪುಣೆಯ ಇನ್ನೊಂದು ತುದಿಯ ಬಿಬವೇವಾಡಿಯಲ್ಲಿ ಹೋಟೆಲು. ಅಲ್ಲಿಂದ ಪಿಂಪ್ರಿಗೆ ಬಸ್ಸು, ಲೋಕಲ್ ಹಿಡಿದು ಬರುತ್ತಿದ್ದಳು. ಮೈಯಲ್ಲಿ ಮಾಂಸವಿಲ್ಲ, ಆದರೆ ಗೆರೆ ಬಿಟ್ಟು ಹೊರಟರೆ ಬಿಲ್ಲಿನಿಂದ ಬಿಟ್ಟಂತೆ. ಡೆಕ್ಲನ್‌ರ 'ಪುಢೆ ಚಲಾ' ಅವಳ ಕಾಲಿಗೇ ಹೋಗಿ ಸೇರಿತ್ತು. ಎಸೆಯುವವಳು ಸೊಂಟ ತಿರುಗಿಸುವಷ್ಟರಲ್ಲಿ ಇವಳು ಅವಳ ಎದುರಿಗಿರುತ್ತಿದ್ದಳು. "ಸ್ವಲ್ಪ ಪಕ್ಕಕ್ಕ ಸರದು ಓಡವಾ, ಚೆಂಡಿನ ದಾರಿ ಬಿಟ್ಟು" ಎಂದರೆ, "ಟೆನ್ಶನ್ ನಕೋ, ಮ್ಯಾಡಮ್" ಎಂದು ನನ್ನ ಕೆನ್ನೆ ಹಿಂಡುತ್ತಿದ್ದಳು. ನಾನು ಕೋಚ್ ಎನ್ನುವುದು ಅವಳಿಗೆ ಮರೆತೇ ಹೋಗುತ್ತಿತ್ತು.

ಶೆಟ್ಟರು ಒಮ್ಮೆ ಮೈದಾನಕ್ಕೆ ಬಂದು ಮಗಳ ಓಟ ನೋಡಿ ಬೆವರಿದರು. "ಎಂತ ಮೇಡಂ ಇದು? ಚೆಂಡು ಬರ್ತದೆ ಅಂತ ಗೊತ್ತುಂಟು, ಮತ್ತೆ ಅದಕ್ಕೇ ಎದುರು ಓಡುದಾ? ಬೇರೆ ಎಂತದೂ ಕೆಲಸ ಇಲ್ವಾ ಅವಳಿಗೆ?" ನಾನು ಮಾಸ್ಕು ತಂದು ಅವರ ಕೈಗೆ ಕೊಟ್ಟೆ. ಅವರು ಇಡ್ಲಿ ಪಾತ್ರೆ ನೋಡುವಂತೆ ತಟ್ಟಿ, ಬಗ್ಗಿಸಿ ನೋಡಿದರು. "ಇದಿದ್ರೆ ಮುಖಕ್ಕೆ ಎಂತ ಆಗುದಿಲ್ಲ ಅಲ್ವಾ?" ಎಂದರು. "ಇಲ್ರಿ, ಏನೂ ಆಗೂದಿಲ್ಲ" ಎಂದೆ. ಅದು ಆಗ ನಿಜವಾಗಿತ್ತು.

ಈಗ ಆ ದಿನಕ್ಕೆ ಬರುತ್ತೇನೆ. ಬರದೆ ಉಪಾಯವಿಲ್ಲ. ಚಹಾ ಸೋಸುವಾಗಲೂ, ಸಿಗ್ನಲ್ಲಿನಲ್ಲಿ ನಿಂತಾಗಲೂ ಅದು ತಾನಾಗಿಯೇ ಬರುತ್ತದೆ.

ಕ್ಲಬ್ಬುಗಳ ಪಂದ್ಯಾವಳಿಯ ಫೈನಲ್. ನಮ್ಮ ಹುಡುಗಿಯರು ಅಷ್ಟು ದೂರ ಹೋದದ್ದು ಅದೇ ಮೊದಲು. ಮುಖ್ಯ ಅತಿಥಿ ಒಬ್ಬ ಪುಢಾರಿ. ಅವರ ಪಕ್ಕದಲ್ಲಿ ಕುರಕುಂಭದ ಕಡೆ ರಾಸಾಯನಿಕದ ವ್ಯಾಪಾರ ಮಾಡುವ ಒಬ್ಬ ದಾನಿ, ನಮಗೆ ಹೊಸ ಜರ್ಸಿ ಕೊಡಿಸಿದವರು. ಹಿಂದಿನ ವಾರ ಹಬ್ಬದ ರಜೆ, ನಾನು ಗದಗಿಗೆ ಹೋಗಿದ್ದೆ. ಬೆಳಿಗ್ಗೆ ಕಿಟ್ ಚೀಲ ತೆರೆದರೆ ಮಾಸ್ಕುಗಳು ಫಳಫಳ ಹೊಳೆಯುತ್ತಿವೆ. ಹಣೆಯ ಮೇಲೆ ಕೆಂಪು ಪಟ್ಟಿ, ಪಟ್ಟಿಯ ಮೇಲೆ ದುಂಡಗಿನ ಬಿಳಿ ಅಕ್ಷರದಲ್ಲಿ ದಾನಿಯ ಹೆಸರು.

"ಸರ್ಪ್ರೈಜ್!" ಎಂದರು ಚವ್ಹಾಣ ಸಾಹೇಬರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಅವರ ಬೆರಳುಗಳಿಗೆ ಬಣ್ಣ ಅಂಟಿತ್ತು. "ಖುದ್ದ ನಾನ ಮಾಡೇನಿ ತಾಯಿ. ಭಾಳ ಹೊಲಸಾಗಿದ್ವು, ಎಲ್ಲಾ ಛಂದಗೆ ತೊಳದು, ಒರಸಿ, ಆಮ್ಯಾಲೆ ಬಣ್ಣ. ಕಸಂ ವಾಟತಂಯ್? ಹೆಂಗನಸ್ತದ?"

"ಮಾಸ್ಕಿಗೆ ಯಾರೂ ಕೈ ಹಚ್ಚಬಾರದು ಅಂತ ಡೆಕ್ಲನ್ ಎಷ್ಟ ಸಲ ಹೇಳ್ಯಾರ್ರಿ?"

"ಅವರು ಹೇಳಿದ್ದು ಕತ್ತರಸಬ್ಯಾಡ್ರಿ ಅಂತ. ನಾ ಏನ್ ಕತ್ತರಿಸೇನಿ? ಕಣ್ಣಿನ ಮುಂದ ಒಂದ ಹನಿ ಬಿದ್ದೇತೇನ್ ನೋಡ್ರಿ. ನಲವತ್ತ ವರ್ಷ ಗಾಡಿಗೆ ಬಣ್ಣ ಬಳದ ಕೈ ಇದು."

ನಾನು ಒಂದನ್ನು ಹಾಕಿಕೊಂಡು ನೋಡಿದೆ. ನೋಟ ಸ್ವಚ್ಛವಾಗಿತ್ತು. ಎಲ್ಲರಿಗೂ ಸಾಲುವಷ್ಟು ಬೇರೆ ಮಾಸ್ಕು ಇರಲೂ ಇಲ್ಲ. ಡೆಕ್ಲನ್ ವಾಕಡದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅರ್ಧ ಪಂದ್ಯವಾದ ಮೇಲೆ ಬಂದು ಗ್ಯಾಲರಿಯಲ್ಲಿ ಕೂತರು.

ಕೊನೆಯ ಹೊತ್ತಿನಲ್ಲಿ ನಾವು ಒಂದು ಗೋಲಿನಿಂದ ಮುಂದಿದ್ದೆವು. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಹುಡುಗಿಯರು ಮಾಸ್ಕು ಹಾಕಿಕೊಂಡು ಗೆರೆಯ ಹಿಂದೆ ಬಾಗಿ ನಿಂತರು. ಚೆಂಡು ಹೊರಟಿತು. ರಕ್ಷಾ ಹೊರಟಳು. ಚೆಂಡು ನಿಂತಿತು. ಎಸೆಯುವವಳ ಎಡ ಭುಜ ಕೆಳಗಿಳಿಯಿತು. ಆ ಭುಜ ಕೆಳಗಿಳಿಯುವುದನ್ನು ನಾನು ಈಗಲೂ ನಿಲ್ಲಿಸಲು ನೋಡುತ್ತೇನೆ. ಅದು ನಿಲ್ಲುವುದಿಲ್ಲ. ಚೆಂಡು ನೆಲ ಬಿಟ್ಟಿತು. ನನ್ನ ಕಿವಿ ಹಲಗೆಯ ಸದ್ದಿಗೆ ಕಾದಿತ್ತು. ಕೇಳಿದ್ದು ಬೇರೆ. ಟ್ಯೂಬ್‌ಲೈಟ್ ಒಡೆದಂಥ, ತೆಳ್ಳಗಿನ, ಒಣ ಸದ್ದು.

ಮಾಸ್ಕು ಹಣೆಯಿಂದ ಗದ್ದದವರೆಗೆ ಸೀಳಿತ್ತು. ಅರ್ಧ ಅವಳ ಕಿವಿಗೆ ನೇತಾಡುತ್ತಿತ್ತು. ಇನ್ನರ್ಧ ನೀಲಿ ಟರ್ಫಿನ ಮೇಲೆ, ದಾನಿಯ ಅರ್ಧ ಹೆಸರಿನ ಜೊತೆ. ರಕ್ಷಾ ಮಂಡಿಯೂರಿ ಕೂತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. "ಮ್ಯಾಡಮ್, ಕಣ್ಣು ಇದ್ಯಾ ನೋಡಿ" ಎಂದಳು. ಅಷ್ಟೇ ಎಂದಳು. ಆ ದನಿಯಲ್ಲಿ ಅಳುವಿರಲಿಲ್ಲ. ಬಸ್ಸಿನಲ್ಲಿ ಚೀಲ ಇದೆಯೇ ನೋಡಿ ಎನ್ನುವಂತೆ ಕೇಳಿದಳು. ಅವಳ ಕೈ ಸರಿಸಿ ನೋಡಿದೆ. ರಕ್ತ, ಊತ. ಕಣ್ಣು ಎಲ್ಲಿದೆ ಎಂದು ನನಗೆ ತಿಳಿಯಲಿಲ್ಲ. "ಅದ, ಅದ" ಎಂದೆ.

ಅವಳನ್ನು ಆಂಬುಲೆನ್ಸಿಗೆ ಹತ್ತಿಸಿದರು. ಗೋಲ್‌ಕೀಪರ್ ಹುಡುಗಿಯ ತಾಯಿ ಡಾಕ್ಟರು, ಅವರು ಜೊತೆಗೆ ಹತ್ತಿಕೊಂಡರು. ನಾನೂ ಹತ್ತಲು ಹೊರಟಾಗ ಹಿಂದೆ ಅಂಪೈರರ ಸೀಟಿ ಕೇಳಿಸಿತು. ಬದಲಿ ಆಟಗಾರ್ತಿ ಒಳಗೆ ಬರಲಿ, ಆಟ ಮುಂದುವರಿಯಲಿ. ನಾನು ತಿರುಗಿ ನೋಡಿದೆ. ಉಳಿದ ಹುಡುಗಿಯರ ಕೈಯಲ್ಲಿ ಅದೇ ಹೊಳೆಯುವ ಮಾಸ್ಕುಗಳು.

ಡೆಕ್ಲನ್ ಗ್ಯಾಲರಿಯಿಂದ ಇಳಿದು ಬಂದು ಟರ್ಫಿನ ಮೇಲಿನ ಚೂರನ್ನು ಎತ್ತಿಕೊಂಡಿದ್ದರು. ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಮೂಸಿದರು. "ಇದನ್ನು ಯಾವುದರಿಂದ ಒರೆಸಿದ್ದೀರಿ?" ಎಂದು ಕೇಳಿದರು.

"ಥಿನ್ನರ್" ಎಂದರು ಚವ್ಹಾಣ ಸಾಹೇಬರು. "ಒಂದ್ ನಂಬರ್ ಮಾಲ. ಇವರದ ಕಂಪನೀದು" ಎಂದು ದಾನಿಯತ್ತ ಕೈ ತೋರಿಸಿದರು. ಆಗಲೂ ಆ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

ಡೆಕ್ಲನ್ ನನಗೆ ಚೂರಿನ ಅಂಚು ತೋರಿಸಿದರು. ಬಣ್ಣದ ಕೆಳಗೆ, ಕೂದಲೆಳೆಗಿಂತ ಸಣ್ಣ ಬಿರುಕುಗಳು, ಬೇಸಿಗೆಯ ಕೆರೆಯ ತಳದ ಹಾಗೆ. ಈ ಜಾತಿಯ ಪ್ಲಾಸ್ಟಿಕ್ ಸುತ್ತಿಗೆಯಿಂದ ಹೊಡೆದರೂ ಒಡೆಯುವುದಿಲ್ಲ, ಥಿನ್ನರ್ ಕುಡಿಸಿದರೆ ಒಳಗೇ ಸತ್ತುಹೋಗುತ್ತದೆ, ಹೊರಗೆ ಮಾತ್ರ ಹೊಳೆಯುತ್ತದೆ ಎಂದರು. ಅವರ ಕಾರ್ಖಾನೆಯಲ್ಲಿ ಹೆಡ್‌ಲೈಟ್ ಕವಚದ ಹತ್ತಿರ ಥಿನ್ನರ್ ಡಬ್ಬಿ ತಂದವನನ್ನು ಹೊರಗೆ ಕಳಿಸುತ್ತಾರಂತೆ.

ನಾನು ಹುಡುಗಿಯರ ಕೈಯಿಂದ ಮಾಸ್ಕುಗಳನ್ನು ಕಿತ್ತುಕೊಂಡೆ. ಮೊದಲನೆಯದನ್ನು ಮೊಣಕಾಲಿಗೆ ಒತ್ತಿದೆ. ಹಪ್ಪಳದಂತೆ ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದೂ ಮುರಿಯಿತು. ಚೀಲದಲ್ಲಿ ಒಂದು ಹೆಚ್ಚುವರಿ ಮಾಸ್ಕು ಇತ್ತು, ಸಮಯ ಸಾಲದೆ ಚವ್ಹಾಣ ಸಾಹೇಬರು ಮುಟ್ಟದೆ ಬಿಟ್ಟದ್ದು. ಅದು ಬಾಗಿತು, ಬಿಟ್ಟ ಕೂಡಲೇ ನೆಟ್ಟಗಾಯಿತು.

"ನಮ್ಮ ತಂಡ ಆಡೂದಿಲ್ಲ" ಎಂದೆ.

ನಮ್ಮ ನಾಯಕಿ ಪ್ರಾಚಿ ನನ್ನ ತೋಳು ಹಿಡಿದುಕೊಂಡಳು. "ಮ್ಯಾಡಮ್, ಪ್ಲೀಜ್. ಥೋಡಾಚ ವೇಳ ಉರಲಾಯ." ಸ್ವಲ್ಪವೇ ಹೊತ್ತು ಉಳಿದಿದೆ ಎಂದು ಗೋಗರೆದಳು. ಅದು ನಿಜ. ಪಂದ್ಯಾವಳಿಯ ಕಪ್ಪು ಅಷ್ಟು ಹತ್ತಿರದಲ್ಲಿತ್ತು. ಚವ್ಹಾಣ ಸಾಹೇಬರು ಮುಖ್ಯ ಅತಿಥಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. "ತಾಯಿ, ಮಾಸ್ಕ್ ಇಲ್ದನ ಆಡ್ಸೂಣಲ್ಲ. ನಿಮ್ಮ ಕಾಲಕ್ಕ ನೀವು ಆಡಿಲ್ಲೇನು?"

"ಆಡೇನ್ರಿ" ಎಂದು ಮೇಲಿನ ತುಟಿ ಎತ್ತಿ ಅರ್ಧ ಹಲ್ಲು ತೋರಿಸಿದೆ. "ಇಲ್ಲಿ ನೋಡ್ರಿ ಹೆಂಗ ಆಡೇನಂತ."

ಹುಡುಗಿಯರನ್ನು ದನ ಅಟ್ಟಿದಂತೆ ಗೆರೆಯಾಚೆಗೆ ಅಟ್ಟಿದೆ. ಪಂದ್ಯ ಎದುರಾಳಿಯ ಪಾಲಾಯಿತು. ಪುಢಾರಿ ಅವರಿಗೆ ಕಪ್ಪು ಕೊಟ್ಟು, ಮಹಿಳೆಯರ ಧೈರ್ಯದ ಬಗ್ಗೆ ಉದ್ದಕ್ಕೆ ಮಾತಾಡಿದರಂತೆ. ನಾನು ಆ ಹೊತ್ತಿಗೆ ರಿಕ್ಷಾದಲ್ಲಿ ಆಸ್ಪತ್ರೆಯ ಕಡೆ ಹೋಗುತ್ತಿದ್ದೆ.

ಮಾಸ್ಕಿನ ಚೂರು ರಕ್ಷಾಳ ಕಣ್ಣಿನ ಕೆಳಗಿನ ಮೂಳೆಯ ಮೇಲಿನ ಚರ್ಮ ಸೀಳಿತ್ತು. ಹೊಲಿಗೆ ಹಾಕಿದರು. ಕಣ್ಣು ಊದಿ ಮುಚ್ಚಿಹೋಗಿತ್ತು. ಊತ ಇಳಿದು ಅದು ತೆರೆಯುವವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಶೆಟ್ಟರು ಮಧ್ಯಾಹ್ನದ ಊಟದ ಗಡಿಬಿಡಿಯಿಂದ ಹಾಗೇ ಎದ್ದು ಬಂದಿದ್ದರು. ಹೆಗಲ ಮೇಲೆ ಒರೆಸುವ ಬಟ್ಟೆ ಇನ್ನೂ ಇತ್ತು. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಸುಲಭವಾಗುತ್ತಿತ್ತು.

"ಮಾಸ್ಕ್ ಇದ್ರೆ ಎಂತ ಆಗುದಿಲ್ಲ ಅಂತ ನೀವು ಹೇಳಿದ್ದಲ್ವಾ ಮೇಡಂ?" ಎಂದರು. "ಅವಳು ಮಾಸ್ಕ್ ಹಾಕಿದ್ದಳಲ್ವಾ?"

"ಹಾಕಿದ್ಲ್ರಿ."

"ಮತ್ತೆ?"

ಥಿನ್ನರ್, ಬಣ್ಣ, ದಾನಿ, ಹಬ್ಬದ ರಜೆ. ಆ 'ಮತ್ತೆ'ಯ ಮುಂದೆ ಇದನ್ನೆಲ್ಲ ಹೇಳುವಾಗ ನನ್ನ ಮೇಲೇ ನನಗೆ ರೇಗಿತು. ಅವರು ಪೂರ್ತಿ ಕೇಳಿ, "ಬಣ್ಣ ಯಾಕೆ?" ಎಂದರು.

ಕಣ್ಣು ತೆರೆಯುವವರೆಗಿನ ದಿನಗಳಲ್ಲಿ ಹುಡುಗಿಯರು ನನ್ನೊಡನೆ ಮಾತು ಬಿಟ್ಟಿದ್ದರು. ಕಮಿಟಿ ನನ್ನನ್ನು ಕರೆಸಿ, ಮುಖ್ಯ ಅತಿಥಿಯ ಎದುರಿಗೆ ಕ್ಲಬ್ಬಿನ ಆಸ್ತಿ ಮುರಿದದ್ದು ಏಕೆ ಎಂದು ಕೇಳಿತು. ನಾನು ನಕ್ಕೆ. ನಕ್ಕದ್ದು ತಪ್ಪೆಂದು ಅದಕ್ಕೂ ವಿವರಣೆ ಕೇಳಿದರು. ಒಂದು ಬೆಳಿಗ್ಗೆ ಶೆಟ್ಟರ ಫೋನು ಬಂತು. "ಕಣ್ಣು ಬಿಟ್ಟಳು ಮೇಡಂ. ಕಾಣ್ತದಂತೆ. ನನ್ನ ಅಂಗಿಯ ಗುಂಡಿ ತಪ್ಪು ಹಾಕಿದ್ದು ಅವಳೇ ಹೇಳಿದ್ದು." ಅಷ್ಟು ಹೇಳಿ ಇಟ್ಟುಬಿಟ್ಟರು. ನಾನು ಅಡುಗೆಮನೆಯ ನೆಲದ ಮೇಲೆ ಕೂತೆ. ಹಾಲು ಉಕ್ಕಿ ಒಲೆ ಆರಿತು.

ಚವ್ಹಾಣ ಸಾಹೇಬರ ಬಗ್ಗೆ ನೀವು ಏನೆಂದುಕೊಳ್ಳುತ್ತೀರೋ ಗೊತ್ತಿಲ್ಲ. ಅವರು ಪ್ರತಿದಿನ ಆಸ್ಪತ್ರೆಗೆ ಬಂದು, ಒಳಗೆ ಹೋಗದೆ, ಕೆಳಗೆ ಔಷಧಿ ಅಂಗಡಿಯ ಪಕ್ಕ ನಿಂತು ಹೋಗುತ್ತಿದ್ದರಂತೆ. ಆಮೇಲೆ ಅವರು ಕುಂಚ ಮುಟ್ಟಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಗೋಲ್ ಕಂಬಗಳಿಗೆ ತುಕ್ಕು ಹಿಡಿಯಿತು. ಕೊನೆಗೆ, "ಸಾಹೇಬ್ರ, ಕಂಬಕ್ಕ ಬಣ್ಣ ಹಚ್ರಿ" ಎಂದು ಹೇಳಬೇಕಾದವಳು ನಾನೇ ಆದೆ. ಆ ಮನುಷ್ಯ ನನ್ನ ಮುಖ ನೋಡಿ, "ಕಂಬಕ್ಕ ಮಾತ್ರ?" ಎಂದು ಕೇಳಿದರು. "ಕಂಬಕ್ಕ ಮಾತ್ರ" ಎಂದೆ. ಇಂಥವರ ಮೇಲೆ ಪೂರ್ತಿ ಸಿಟ್ಟು ಮಾಡಲೂ ಬಿಡುವುದಿಲ್ಲ ಈ ಕೆಲಸ.

ರಕ್ಷಾ ಮತ್ತೆ ಆಡುತ್ತೇನೆಂದು ಹಟ ಹಿಡಿದಳು. ಶೆಟ್ಟರು ಬೇಡ ಎಂದರು. ಅವಳು ಊಟ ಬಿಟ್ಟಳು. ಹೋಟೆಲಿನವರ ಮಗಳು ಊಟ ಬಿಟ್ಟರೆ ಅದಕ್ಕಿಂತ ಅವಮಾನ ಬೇರಿಲ್ಲ. ಒಂದು ಸೋಮವಾರ ಶೆಟ್ಟರು ನನ್ನನ್ನೂ ಡೆಕ್ಲನ್‌ರನ್ನೂ ಬಿಬವೇವಾಡಿಗೆ ಕರೆದರು. ಹೋಟೆಲಿಗೆ ಅಂದು ರಜೆ. ಹಿಂದಿನ ಅಂಗಳದಲ್ಲಿ, ಪಾತ್ರೆ ತೊಳೆಯುವ ಕಟ್ಟೆಯ ಮುಂದೆ, ಒಂದು ಅಕ್ಕಿ ಮೂಟೆ ನೆಟ್ಟಗೆ ನಿಲ್ಲಿಸಿದ್ದರು. ಅದಕ್ಕೊಂದು ಹೊಸ ಮಾಸ್ಕು ಕಟ್ಟಿದ್ದರು. ತಾವೇ ಹೋಗಿ ತಂದದ್ದು, ಹೊದಿಕೆ ಕೂಡ ಆಗಷ್ಟೇ ಹರಿದದ್ದು.

"ಇವತ್ತು ನಾನು ಯಾರು ಹೇಳಿದ್ದೂ ಕೇಳುದಿಲ್ಲ. ಹೊಡೀರಿ. ನಾನು ನೋಡ್ತೇನೆ" ಎಂದರು.

ಡೆಕ್ಲನ್ ನನ್ನನ್ನು ನೋಡಿದರು. ನಾನು ಸ್ಟಿಕ್ಕು ಎತ್ತಿಕೊಳ್ಳುವ ಮೊದಲೇ ರಕ್ಷಾ ಎತ್ತಿಕೊಂಡಳು. ಕೆನ್ನೆಯ ಗೆರೆ ಇನ್ನೂ ಕೆಂಪಗಿತ್ತು. ಚೆಂಡು ಎಳೆದು ಎಸೆದಳು. ಮೂಟೆ ನಡುಗಿತು. ಮಾಸ್ಕು ಹಾಗೇ ಇತ್ತು. ಮತ್ತೆ ಎಸೆದಳು. ಮತ್ತೆ. ಪ್ರತಿ ಸಲವೂ ಶೆಟ್ಟರು ಹತ್ತಿರ ಹೋಗಿ, ಕನ್ನಡಕ ಏರಿಸಿ, ಮಾಸ್ಕಿನ ಮೇಲೆ ಬೆರಳಾಡಿಸಿ ಬರುತ್ತಿದ್ದರು. ಕೊನೆಗೆ ಡೆಕ್ಲನ್ ತಮ್ಮ ಸೌಟಿನ ಕೋಲು ತಂದು ಮೈಯೆಲ್ಲ ತಿರುಗಿಸಿ ಬೀಸಿದರು. ಮೂಟೆಯ ಹೊಲಿಗೆ ಬಿಚ್ಚಿ ಅಕ್ಕಿ ಚರಂಡಿಯವರೆಗೆ ಹರಿಯಿತು. ಮಾಸ್ಕಿನ ಮೇಲೆ ಒಂದು ಗೀರು, ಅಷ್ಟೇ.

ಶೆಟ್ಟರು ಮಂಡಿಯೂರಿ ಅಕ್ಕಿ ಬಾಚತೊಡಗಿದರು. ತಲೆ ಎತ್ತದೆ, "ಹೋಗು ಮಾರಾಯ್ತಿ" ಎಂದರು ಮಗಳಿಗೆ. "ಪೆಟ್ಟು ತಿಂದ ಮಾಸ್ಕು ಇನ್ನು ಬೇಡ, ಇಂತದೇ ಇನ್ನೊಂದು ಒಳಗೆ ಉಂಟು. ಅದು ನಿನ್ನ ಚೀಲದಲ್ಲೇ ಇರಬೇಕು. ಕ್ಲಬ್ಬಿನ ಚೀಲದಲ್ಲಿ ಅಲ್ಲ. ಯಾರಾದ್ರೂ ಬಣ್ಣ ಹಚ್ಚಲಿಕ್ಕೆ ಬಂದ್ರೆ ನನಗೆ ಫೋನ್ ಮಾಡು."

ಅವಳು ಮರಳಿ ಆಡಿದ ಮೊದಲ ಪಂದ್ಯ, ನನ್ನ ನೌಕರಿಯ ಕೊನೆಯ ಪಂದ್ಯಗಳಲ್ಲಿ ಒಂದು. ದೊಡ್ಡ ಪಂದ್ಯವೇನಲ್ಲ, ಗ್ಯಾಲರಿಯಲ್ಲಿ ಒಂದಿಷ್ಟು ತಾಯಂದಿರು ಬಿಟ್ಟರೆ ಯಾರಿಲ್ಲ. ಶೆಟ್ಟರು ಬಂದಿದ್ದರು, ಆದರೆ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದರು. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ರಕ್ಷಾ ತನ್ನ ಚೀಲದಿಂದ ಮಾಸ್ಕು ತೆಗೆದಳು. ಬಾಗಿಸಿ ನೋಡಿದಳು, ನನ್ನ ಕಡೆ ಕೈ ಎತ್ತಿದಳು, ಹಾಕಿಕೊಂಡಳು.

ನಾನು ನೋಡಬೇಕಿತ್ತು. ಕೋಚ್ ಎಂದರೆ ನೋಡಬೇಕು. ಎಸೆಯುವವಳ ಎಡ ಭುಜ ಕೆಳಗಿಳಿಯುವುದು ಕಂಡಿತು, ನನ್ನ ಕಣ್ಣು ತಾನಾಗಿ ಮುಚ್ಚಿತು. ಕತ್ತಲೆಯಲ್ಲಿ "ಪುಢೆ ಚಲಾ!" ಎಂದು ಡೆಕ್ಲನ್ ಕೂಗಿದ್ದು, ಟರ್ಫಿನ ಮೇಲೆ ಓಡುವ ಬೂಟು. ಆಮೇಲೆ ಸದ್ದು.

ಧಡ್. ಮರದ ಹಲಗೆ.

ಕಣ್ಣು ತೆರೆದರೆ ಎದುರಾಳಿಯ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ರಕ್ಷಾ ಮಾಸ್ಕು ಕಿತ್ತೆಸೆದು, ಸೊಂಟಕ್ಕೆ ಕೈಯಿಟ್ಟು, ಎರಡೂ ಕಣ್ಣು ಕೆಂಪು ಮಾಡಿಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಪ್ರಾಚಿ ಗೋಲಿನೊಳಗಿಂದ ಚೆಂಡು ಎತ್ತಿಕೊಂಡು ಬರುತ್ತ ಅಲ್ಲಿಂದಲೇ, ನನ್ನಿಂದ ಕಲಿತ ಕನ್ನಡದಲ್ಲಿ, ಚೀರಿದಳು:

"ಮ್ಯಾಡಮ್! ಗೋಲ್ ನಮ್ಮ ಮ್ಯಾಲೆ ಆಗೇದ್ರಿ! ನೀವ್ಯಾಕ್ ಚಪ್ಪಾಳಿ ಹೊಡ್ಯಾಕತ್ತೀರಿ?"